ಪತ್ತೇದಾರಿ ಕಾದಂಬರಿಕಾರನ ಕೂಲಿ

ಸಾಹಿತ್ಯವನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆಗಳಿಗೆ ಕೊನೆಯಿಲ್ಲ. ಕೃತಿಯ ವಸ್ತು ಯಾವುದು, ರೀತಿ ಯಾವುದು, ಲೇಖಕನು ಯಾವ ಪಂಥಕ್ಕೆ ಸೇರಿದವನು, ಅವನ ಮೇಲೆ ಯಾರ ಪ್ರಭಾವ ಬಿದ್ದಿದೆ, ಇವನ್ನೆಲ್ಲ ಕೂಲಂಕಷವಾಗಿ ವಿಚಾರಿಸುತ್ತೇವೆ. ಆದರೆ ಆ ಪುಸ್ತಕವನ್ನು ಬರೆದವನ ಮನೆಯಲ್ಲಿ ಒಲೆ ಹೇಗೆ ಉರಿಯುತ್ತಿತ್ತು ಎಂಬ ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. ಹಾಗೆ ಕೇಳುವುದು ಸಭ್ಯತೆಯಲ್ಲವೆಂಬ ಭಾವನೆಯೂ ಇದ್ದೀತು. ಬಹುಮಂದಿ ಸಾಹಿತಿಗಳ ವಿಷಯದಲ್ಲಿ ಈ ಸಂಕೋಚದಿಂದ ದೊಡ್ಡ ನಷ್ಟವೇನೂ ಆಗಿಲ್ಲ. ಅವರಲ್ಲಿ ಅನೇಕರು ಅಧ್ಯಾಪಕರು, ಸರ್ಕಾರಿ ನೌಕರರು, ವಕೀಲರು. ತಿಂಗಳಿಗೊಮ್ಮೆ ಸಂಬಳ ಕೈಸೇರುತ್ತಿತ್ತು, ಬಿಡುವಿನ ವೇಳೆಯಲ್ಲಿ ಸರಸ್ವತಿಯ ಸೇವೆ ನಡೆಯುತ್ತಿತ್ತು. ಪತ್ತೇದಾರಿ ಕಾದಂಬರಿಕಾರನ ಸಂಗತಿ ಬೇರೆ. ಅವನ ಪಾಲಿಗೆ ಬರಹವೇ ಕೆಲಸ, ಬರಹವೇ ಕೂಲಿ. ಅವನ ವಿಷಯದಲ್ಲಿ ಈ ಪ್ರಶ್ನೆಯನ್ನು ಬದಿಗಿಟ್ಟರೆ ಅವನ ಕೃತಿಗಳ ಗುಣವೂ ತಿಳಿಯುವುದಿಲ್ಲ, ದೋಷವೂ ತಿಳಿಯುವುದಿಲ್ಲ.

ಎನ್. ನರಸಿಂಹಯ್ಯನವರನ್ನೇ ತೆಗೆದುಕೊಳ್ಳೋಣ. ೧೯೨೫ರಲ್ಲಿ ಹುಟ್ಟಿ ೨೦೧೧ರಲ್ಲಿ ಕಾಲವಾದ ಈ ಮಹನೀಯರು ಶಾಲೆಯಲ್ಲಿ ಕಲಿತದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಹೊಟ್ಟೆಪಾಡಿಗಾಗಿ ಸಣ್ಣಪುಟ್ಟ ಉದ್ಯೋಗಗಳನ್ನು ಮಾಡಿದವರು. ೧೯೫೨ರಲ್ಲಿ ಅವರ ಮೊದಲ ಕಾದಂಬರಿ ‘ಪತ್ತೇದಾರ ಪುರುಷೋತ್ತಮ’ ಹೊರಬಂದಿತು. ಅಲ್ಲಿಂದ ಮುಂದೆ ಅವರು ಬರೆದ ಪುಸ್ತಕಗಳ ಸಂಖ್ಯೆ ಐನೂರನ್ನು ಮೀರಿತು. ಪುರುಷೋತ್ತಮನೆಂಬ ಹೆಸರು ಒಂದು ಕಾಲಕ್ಕೆ ಕನ್ನಡ ನಾಡಿನ ಬಸ್ಸುನಿಲ್ದಾಣಗಳಲ್ಲಿಯೂ ಬೀಡಾ ಅಂಗಡಿಗಳಲ್ಲಿಯೂ ಎಷ್ಟು ಪರಿಚಿತವಾಗಿತ್ತೆಂದರೆ, ಅವನು ನಿಜವಾಗಿಯೂ ಬೆಂಗಳೂರಿನಲ್ಲಿ ವಾಸವಾಗಿರುವ ಮನುಷ್ಯನೆಂದು ನಂಬಿದವರನ್ನು ನಾನು ಬಲ್ಲೆ.

ಐನೂರು ಎಂಬ ಅಂಕಿಯನ್ನು ಹೇಳುವುದು ಸುಲಭ. ಅದನ್ನು ದಿನಗಳಿಗೆ ಹಂಚಿ ನೋಡಬೇಕು. ಐವತ್ತು ವರ್ಷಗಳ ಕಾಲ ಬಿಡದೆ ಬರೆದರೆಂದು ಉದಾರವಾಗಿ ಲೆಕ್ಕ ಹಾಕಿದರೂ ವರ್ಷಕ್ಕೆ ಹತ್ತು ಪುಸ್ತಕಗಳಾಗುತ್ತವೆ. ಎಂದರೆ ಮೂವತ್ತಾರು ದಿನಕ್ಕೊಂದು. ಆ ಮೂವತ್ತಾರು ದಿನಗಳಲ್ಲಿ ಕಥೆಯನ್ನು ಯೋಚಿಸಬೇಕು, ಕೈಯಿಂದ ಬರೆಯಬೇಕು, ಪ್ರಕಾಶಕರಿಗೆ ತಲುಪಿಸಬೇಕು, ಹಣಕ್ಕೆ ಓಡಾಡಬೇಕು; ನಡುವೆ ಜ್ವರ ಬರುತ್ತದೆ, ಮನೆಯಲ್ಲಿ ಮದುವೆ ಮುಂಜಿಗಳಾಗುತ್ತವೆ, ಹಬ್ಬ ಬರುತ್ತದೆ. ನಮ್ಮ ಸೀಮೆಯಲ್ಲಿ ಚೆನ್ನಾಗಿ ನೀರುಂಡ ಒಂದು ತೆಂಗಿನ ಮರವು ತಿಂಗಳಿಗೊಂದರಂತೆ ವರ್ಷಕ್ಕೆ ಸುಮಾರು ಹನ್ನೆರಡು ಹೊಂಬಾಳೆ ಬಿಡುತ್ತದೆ. ಅದನ್ನು ಕಂಡು ನಾವು ಕಲ್ಪವೃಕ್ಷವೆಂದು ಕೈಮುಗಿಯುತ್ತೇವೆ. ಹೆಚ್ಚುಕಡಿಮೆ ಅದೇ ಗತಿಯಲ್ಲಿ ಒಬ್ಬ ಮನುಷ್ಯ ಬರೆದರೆ ‘ಅದೇನು ಸಾಹಿತ್ಯವೇ?’ ಎಂದು ಮೂಗು ಮುರಿಯುತ್ತೇವೆ.

ನಾನು ನೊಣವಿನಕೆರೆಯವನು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ತೆಂಗಿನ ನೆರಳಿನಲ್ಲಿ ಬೆಳೆದು, ಇಲ್ಲಿಯ ಮಕ್ಕಳಿಗೆ ಕನ್ನಡ ಹೇಳಿಕೊಟ್ಟವನು. ನಮ್ಮ ಕಡೆ ಒಂದು ಕಾಲಕ್ಕೆ ಓದುವುದೆಂದರೆ ಮೂರು ಬಗೆ: ಪರೀಕ್ಷೆಗಾಗಿ ಓದುವುದು, ಪುಣ್ಯಕ್ಕಾಗಿ ಓದುವುದು, ವ್ಯವಹಾರಕ್ಕಾಗಿ ಓದುವುದು. ಕುಮಾರವ್ಯಾಸನನ್ನು ಗಮಕಿಗಳಿಂದ ಕೇಳುತ್ತಿದ್ದರೇ ಹೊರತು ತಾವಾಗಿ ಬಿಡಿಸಿ ಓದುತ್ತಿದ್ದವರು ಕಡಿಮೆ. ನಾಲ್ಕಕ್ಷರ ಕಲಿತು ಶಾಲೆ ಬಿಟ್ಟವರ ಒಂದು ದೊಡ್ಡ ಸಮೂಹವೇ ಇತ್ತು. ಮಂಡಿಯ ಗುಮಾಸ್ತರು, ಗಾಡಿ ಹೊಡೆಯುವವರು, ದರ್ಜಿಗಳು, ಕಾಯಿ ಸುಲಿಯುವವರು, ಅಡಿಗೆಮನೆಯ ಹೆಣ್ಣುಮಕ್ಕಳು. ಇವರಿಗೆ ಅಕ್ಷರ ಬರುತ್ತಿತ್ತು, ಓದುವುದಕ್ಕೆ ಕಾರಣವಿರಲಿಲ್ಲ. ಕಾರಣವಿಲ್ಲದ ಅಕ್ಷರ ಬಳಕೆಯಿಲ್ಲದ ಬಾವಿಯಂತೆ. ಕೆಲವು ವರ್ಷಗಳಲ್ಲಿ ಹೂಳು ತುಂಬಿಕೊಳ್ಳುತ್ತದೆ.

ಆ ಬಾವಿಯ ಹೂಳೆತ್ತಿದವರು ಯಾರು? ನಮ್ಮ ಮಹಾಕವಿಗಳಲ್ಲ, ಅವರು ಅದನ್ನು ಮಾಡಬೇಕೆಂದು ಯಾರೂ ಬಯಸಲೂ ಇಲ್ಲ. ಸುಲಭ ಬೆಲೆಯ, ಒರಟು ಕಾಗದದ, ಬಣ್ಣಬಣ್ಣದ ಹೊದಿಕೆಯ ಪತ್ತೇದಾರಿ ಪುಸ್ತಕಗಳು ಆ ಕೆಲಸ ಮಾಡಿದವು. ದಿನಕ್ಕೆ ಇಷ್ಟು ಕಾಸು ಎಂದು ಬಾಡಿಗೆಗೆ ತಂದ ಪುಸ್ತಕ ಒಂದು ರಾತ್ರಿಯಲ್ಲಿ ಮೂರು ಮನೆಗಳನ್ನು ಸುತ್ತಿ ಬೆಳಗಾಗುವಷ್ಟರಲ್ಲಿ ಅಂಗಡಿಗೆ ಹಿಂದಿರುಗುತ್ತಿತ್ತು. ಕೊಬ್ಬರಿ ಅಟ್ಟದ ಮೇಲೆ ಬುಡ್ಡಿದೀಪವಿಟ್ಟುಕೊಂಡು ಓದಿದವರಿದ್ದಾರೆ. ಓದು ಬಾರದ ಅಜ್ಜಿಗೆ ಮೊಮ್ಮಗ ಓದಿ ಹೇಳಿದ್ದುಂಟು. ಕೈಯಿಂದ ಕೈಗೆ ಹೋಗಿ ಕೊನೆಯ ಹಾಳೆಯೇ ಹರಿದುಹೋದ ಪುಸ್ತಕ ಸಿಕ್ಕಿ, ಕೊಲೆಗಾರನಾರೆಂದು ತಿಳಿಯದೆ, ತಿಪಟೂರಿಗೆ ಹೋಗುವವರ ಕೈಯಲ್ಲಿ ಇನ್ನೊಂದು ಪ್ರತಿಯನ್ನು ತರಿಸಿ ಓದಿದವರೂ ಉಂಟು. ಓದಿನ ಹಸಿವೆಂಬುದು ಇದಲ್ಲದೆ ಮತ್ತೇನು? ಆ ಹಸಿವು ಒಮ್ಮೆ ಹುಟ್ಟಿದ ಮೇಲೆ ಅವರಲ್ಲಿ ಕೆಲವರು ಅನಕೃ ಅವರ ಕಾದಂಬರಿಗಳಿಗೆ ಬಂದರು, ತ್ರಿವೇಣಿಯವರಿಗೆ ಬಂದರು, ಕೊನೆಗೆ ಕಾರಂತರವರೆಗೂ ನಡೆದರು. ನಡೆಯದೆ ಅಲ್ಲಿಯೇ ನಿಂತವರೂ ಅನೇಕರು. ಆದರೆ ನಿಂತವರೂ ಓದುಗರೇ.

ನರಸಿಂಹಯ್ಯನವರ ನಾಲ್ಕನೆಯ ತರಗತಿಯನ್ನು ಜನ ಸಾಮಾನ್ಯವಾಗಿ ಆಶ್ಚರ್ಯಕ್ಕೆಂದು ಹೇಳುತ್ತಾರೆ: ಇಷ್ಟು ಕಡಿಮೆ ಓದಿ ಅಷ್ಟು ಬರೆದರಲ್ಲಾ ಎಂದು. ನನಗೆ ಅದರಲ್ಲಿ ಬೇರೊಂದು ಅರ್ಥ ಕಾಣುತ್ತದೆ. ಅವರ ಬಹುಮಂದಿ ಓದುಗರ ಶಾಲೆಯ ಓದೂ ಅಷ್ಟೇ ಆಗಿತ್ತು. ಯಾವ ಪದದ ಮುಂದೆ ಅಂಥ ಓದುಗನು ಎಡವುತ್ತಾನೆ, ಎಷ್ಟು ಉದ್ದದ ವಾಕ್ಯದಲ್ಲಿ ಅವನ ಉಸಿರು ಕಟ್ಟುತ್ತದೆ, ಎಷ್ಟು ಪುಟಗಳಾದ ಮೇಲೆ ಅವನಿಗೆ ನಿದ್ದೆ ಬರುತ್ತದೆ ಎಂಬುದು ಪಂಡಿತನಿಗೆ ಊಹೆಯಿಂದ ತಿಳಿಯಬೇಕಾದ ವಿಷಯ. ನರಸಿಂಹಯ್ಯನವರಿಗೆ ಅದು ಅನುಭವದ ವಿಷಯ. ಓದುಗನ ಹೆಗಲಿಗೆ ಹೆಗಲು ಕೊಟ್ಟು ನಡೆದ ಬರಹಗಾರರು ಯಾವ ಭಾಷೆಯಲ್ಲಿಯೂ ಹೆಚ್ಚಿಲ್ಲ.

ಇನ್ನು ಕೆಲಸದ ಮಾತು. ಪತ್ತೇದಾರಿ ಕಥೆಯನ್ನು ಹೊಸೆಯುವುದು ಸುಲಭವೆಂದು ತಿಳಿದವರು ಒಮ್ಮೆ ಪ್ರಯತ್ನಿಸಿ ನೋಡಬೇಕು. ಮಿಕ್ಕ ಕಾದಂಬರಿಕಾರರು ಮೊದಲಿನಿಂದ ಕೊನೆಗೆ ನಡೆಯುತ್ತಾರೆ. ದಾರಿ ತಪ್ಪಿದರೆ ಆ ತಪ್ಪನ್ನೇ ಹೊಸ ದಾರಿಯೆನ್ನಬಹುದು. ಪತ್ತೇದಾರಿ ಬರಹಗಾರನು ಕೊನೆಯಿಂದ ಮೊದಲಿಗೆ ನಡೆಯಬೇಕು. ಅಪರಾಧಿ ಯಾರು, ಏಕೆ ಮಾಡಿದ, ಹೇಗೆ ಮಾಡಿದ ಎಂಬುದನ್ನೆಲ್ಲ ಮೊದಲು ನಿಶ್ಚಯಿಸಿಕೊಂಡು, ಆ ಬಳಿಕ ಅದನ್ನು ತುಂಡುತುಂಡು ಮಾಡಿ, ಒಂದೊಂದು ತುಂಡನ್ನು ಒಂದೊಂದು ಪುಟದಲ್ಲಿ ಓದುಗನ ಕಣ್ಣೆದುರಿಗೇ ಇಟ್ಟು, ಆದರೂ ಅವನು ಕಾಣದಂತೆ ಮಾಡಬೇಕು. ಬಚ್ಚಿಟ್ಟರೆ ಮೋಸ, ಎದ್ದು ಕಾಣುವಂತಿಟ್ಟರೆ ಕಥೆಯೇ ಸತ್ತಿತು.

ನಮ್ಮ ಉಂಡೆ ಕೊಬ್ಬರಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೆ ಏರಿಸಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿಯು ಕರಟವನ್ನು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಗಡಗಡ ಸದ್ದು. ಕಿವಿಗೆ ಕೇಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅವಸರಪಟ್ಟು ಮೊದಲೇ ಒಡೆದರೆ ಕಾಯೂ ಅಲ್ಲ, ಕೊಬ್ಬರಿಯೂ ಅಲ್ಲ. ಒಳ್ಳೆಯ ಪತ್ತೇದಾರಿ ಕಥೆಯೂ ಹೀಗೆಯೇ. ಒಳಗೊಂದು ಇದೆ ಎಂಬ ಸದ್ದು ಮೊದಲ ಪುಟದಿಂದ ಕೇಳುತ್ತಿರಬೇಕು, ಒಡೆಯುವ ಕಾಲ ಕೊನೆಗೆ ಬರಬೇಕು. ಅಡಚಣೆಯೆಲ್ಲಿದೆಯೆಂದರೆ, ರೈತನಿಗೆ ಅಟ್ಟದ ಮೇಲೆ ಒಂದು ವರ್ಷವಿದೆ. ಮೂವತ್ತಾರು ದಿನಕ್ಕೊಂದು ಪುಸ್ತಕ ಕೊಡಬೇಕಾದವನಿಗೆ ಆ ವರ್ಷವಿಲ್ಲ.

ಈ ಕಸುಬಿಗೆ ನೀತಿಯೂ ಉಂಟೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕು. ೧೯೨೯ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ತಾನೂ ಪತ್ತೇದಾರಿ ಕಥೆಗಾರ, ಹತ್ತು ನಿಯಮಗಳನ್ನು ಬರೆದಿಟ್ಟ. ಅಪರಾಧಿಯು ಕಥೆಯ ಆರಂಭದಲ್ಲಿಯೇ ಕಾಣಿಸಿಕೊಂಡಿರಬೇಕು; ದೈವಶಕ್ತಿಯಿಂದ ಗಂಟು ಬಿಡಿಸಕೂಡದು; ಪತ್ತೇದಾರನು ಕಂಡ ಸುಳಿವನ್ನು ಓದುಗನಿಗೂ ಕಾಣಿಸಬೇಕು; ಇತ್ಯಾದಿ. ಮುಂದಿನ ವರ್ಷ ಲಂಡನ್ನಿನಲ್ಲಿ ಈ ಬಗೆಯ ಲೇಖಕರು ಸೇರಿ ಒಂದು ಸಂಘವನ್ನೇ ಕಟ್ಟಿಕೊಂಡರು. ಕಥೆಗಾರನು ಓದುಗನಿಗೆ ಸಾಲಗಾರ, ಸಾಲವನ್ನು ಕೊನೆಯ ಪುಟದಲ್ಲಿ ಬಡ್ಡಿಸಮೇತ ತೀರಿಸಬೇಕು ಎಂಬುದೇ ಈ ನಿಯಮಗಳ ತಿರುಳು. ಓದುಗನಿಗೆ ಇಷ್ಟು ಸ್ಪಷ್ಟವಾಗಿ ಮಾತು ಕೊಟ್ಟ ಸಾಹಿತ್ಯಪ್ರಕಾರ ಬೇರೊಂದಿಲ್ಲವೆಂದೇ ನನ್ನ ಎಣಿಕೆ. ಅರ್ಥವಾಗದ ಕವಿತೆಯನ್ನು ಬರೆದು ಓದುಗನನ್ನೇ ದಡ್ಡನೆನ್ನಬಹುದು. ಅರ್ಥವಾಗದ ಪತ್ತೇದಾರಿ ಕಥೆಯನ್ನು ಬರೆದವನಿಗೆ ಆ ಸೌಕರ್ಯವಿಲ್ಲ.

ಜಗತ್ತಿನಲ್ಲಿ ಈ ಕಸುಬನ್ನು ಮಾಡಿದವರ ಬಾಳನ್ನು ನೋಡಿದರೆ ಎರಡು ಬಗೆ ಕಾಣುತ್ತದೆ. ಬೇರೆ ಉದ್ಯೋಗದ ಆಸರೆಯಿದ್ದವರು ಒಂದು ಬಗೆ. ಕಲಕತ್ತೆಯ ಪ್ರಿಯನಾಥ ಮುಖೋಪಾಧ್ಯಾಯರು ಪೋಲೀಸ್ ಇಲಾಖೆಯ ಅಧಿಕಾರಿ. ತಾವು ಕಂಡ ಅಪರಾಧಗಳನ್ನೇ ‘ದಾರೋಗಾರ್ ದಪ್ತರ್’ ಎಂಬ ಹೆಸರಿನಲ್ಲಿ ೧೮೯೨ರಿಂದ ಬಂಗಾಳಿಯಲ್ಲಿ ಪ್ರಕಟಿಸಿದರು. ಅಗಾಥ ಕ್ರಿಸ್ಟಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಶಾಲೆಯಲ್ಲಿ ಕೆಲಸ ಮಾಡಿ ವಿಷಗಳ ಪರಿಚಯ ಪಡೆದರು. ೧೯೨೦ರಲ್ಲಿ ಬಂದ ಮೊದಲ ಕಾದಂಬರಿಯಲ್ಲಿ ಆ ಪರಿಚಯ ಫಲಕೊಟ್ಟಿತು. ನಮ್ಮ ಬೆಂಗಳೂರಿನಲ್ಲಿಯೇ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು, ಮತಯಂತ್ರದ ನಿರ್ಮಾಣದಲ್ಲಿ ಪಾಲುಗೊಂಡ ರಂಗರಾಜನ್ ಅವರು, ‘ಸುಜಾತ’ ಎಂಬ ಹೆಸರಿನಲ್ಲಿ ತಮಿಳಿನ ಪ್ರಸಿದ್ಧ ರಹಸ್ಯ ಕಾದಂಬರಿಗಳನ್ನು ಬರೆದರು.

ಎರಡನೆಯ ಬಗೆಯವರಿಗೆ ಲೇಖನಿಯೇ ನೇಗಿಲು. ನರಸಿಂಹಯ್ಯನವರ ಪುರುಷೋತ್ತಮ ಹುಟ್ಟಿದ ೧೯೫೨ರಲ್ಲಿಯೇ ಅಲಹಾಬಾದಿನಲ್ಲಿ ಇಬ್ನೆ ಸಫಿ ಎಂಬ ತರುಣ ‘ಜಾಸೂಸಿ ದುನಿಯಾ’ ಎಂಬ ಉರ್ದು ಪತ್ತೇದಾರಿ ಮಾಲೆಯನ್ನು ಆರಂಭಿಸಿದ. ಅವನೂ ಮೊದಲು ಉಪಾಧ್ಯಾಯನಾಗಿದ್ದವನು. ಕಡೆಗೆ ಬರಹವನ್ನೇ ನಂಬಿ ೧೯೮೦ರಲ್ಲಿ ಕಣ್ಣುಮುಚ್ಚುವಷ್ಟರಲ್ಲಿ ಇನ್ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಕೊಟ್ಟ. ಇಬ್ಬರ ಭಾಷೆಯೂ ಬೇರೆ ಬೇರೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅಕ್ಷರ ಕಲಿಯುತ್ತಿದ್ದ ಜನಕ್ಕೆ ಏನು ಬೇಕಾಗಿತ್ತೆಂಬುದು ಮಾತ್ರ ಇಬ್ಬರಿಗೂ ತಿಳಿದಿತ್ತು.

ಕೂಲಿಯ ಪ್ರಶ್ನೆ ಇಲ್ಲಿ ಬರುತ್ತದೆ. ಷರ್ಲಾಕ್ ಹೋಮ್ಸನ ಮೊದಲ ಕಥೆಯ ಸಕಲ ಹಕ್ಕನ್ನೂ ಕಾನನ್ ಡಾಯ್ಲ್ ಇಪ್ಪತ್ತೈದು ಪೌಂಡುಗಳಿಗೆ ಮಾರಿದ. ೧೮೮೭ರಲ್ಲಿ ಪ್ರಕಟವಾದ ಆ ಪುಸ್ತಕ ಲೋಕವನ್ನೆಲ್ಲ ಸುತ್ತಿದರೂ ಅದರಿಂದ ಅವನಿಗೆ ಬೇರೆ ಹಣ ಬರಲಿಲ್ಲ. ಆದರೆ ಅವನು ವೈದ್ಯ; ಮುಂದೆ ಅವನ ಹೆಸರೇ ಬೆಲೆಯನ್ನು ಏರಿಸಿತು. ೧೮೯೩ರಲ್ಲಿ ಹೋಮ್ಸನನ್ನು ಕಥೆಯಲ್ಲಿ ಕೊಂದು, ಹತ್ತು ವರ್ಷಗಳ ಬಳಿಕ ಬದುಕಿಸುವಷ್ಟು ಸ್ವಾತಂತ್ರ್ಯ ಅವನಿಗಿತ್ತು. ಕನ್ನಡದ ಪತ್ತೇದಾರಿ ಬರಹಗಾರನು ತನ್ನ ಪತ್ತೇದಾರನನ್ನು ಕೊಲ್ಲುವಂತಿರಲಿಲ್ಲ. ಕೊಂದರೆ ಮುಂದಿನ ತಿಂಗಳ ಅಕ್ಕಿಗೆ ಯಾರನ್ನು ಕೇಳುವುದು? ಹಸ್ತಪ್ರತಿಗೆ ಒಂದು ಮೊತ್ತವನ್ನು ಗೊತ್ತುಮಾಡಿ ಕೊಟ್ಟು ಹಕ್ಕನ್ನೂ ಜೊತೆಗೇ ಪಡೆದುಕೊಳ್ಳುವುದು ಅಗ್ಗದ ಕಾದಂಬರಿಗಳ ವ್ಯಾಪಾರದಲ್ಲಿ ಸಾಮಾನ್ಯ ರೂಢಿಯಾಗಿತ್ತು. ಪುಸ್ತಕ ಎಷ್ಟು ಸಲ ಅಚ್ಚಾಯಿತು, ಎಷ್ಟು ಕೈ ದಾಟಿತು ಎಂಬ ಲೆಕ್ಕ ಬರೆದವನಿಗೆ ಬರುತ್ತಿರಲಿಲ್ಲ. ಬಾಡಿಗೆಗೆ ಹೋದ ಪುಸ್ತಕವನ್ನು ನೂರು ಜನ ಓದಿದರೆ ನೂರು ಜನರ ಕಾಸೂ ಅಂಗಡಿಯವನದು.

೧೯೫೭ರ ಕೃತಿಸ್ವಾಮ್ಯ ಶಾಸನವು ಲೇಖಕನ ಹಕ್ಕನ್ನು ಒಪ್ಪಿಕೊಂಡಿದ್ದರೂ ಹಕ್ಕನ್ನು ಬರೆದುಕೊಟ್ಟ ಬಡವನಿಗೆ ಅದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಹಕ್ಕಿನ ವರ್ಗಾವಣೆಯ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದು ತಿಳಿಯತಕ್ಕದ್ದೆಂಬ ನಿಯಮ ಬಂದದ್ದು ೧೯೯೪ರ ತಿದ್ದುಪಡಿಯಲ್ಲಿ. ಆ ವೇಳೆಗೆ ನರಸಿಂಹಯ್ಯನವರಿಗೆ ಅರವತ್ತೊಂಬತ್ತು ವರ್ಷ. ಬೆಳೆ ಕುಯ್ದು ಮಾರಿದ ಮೇಲೆ ಬಂದ ಮಳೆ ಅದು.

ಆಕ್ಷೇಪಗಳನ್ನು ನಾನು ಮರೆತಿಲ್ಲ. ಈ ಪುಸ್ತಕಗಳಲ್ಲಿ ಅವಸರವಿದೆ, ಪುನರುಕ್ತಿಯಿದೆ, ಪಾತ್ರಗಳು ಒಂದೇ ಅಚ್ಚಿನವು, ಕೆಲವು ಕಡೆ ಪರಭಾಷೆಯ ಕಥೆಗಳ ನೆರಳಿದೆ ಎನ್ನುತ್ತಾರೆ. ಇವೆಲ್ಲ ನಿಜವೇ. ಐನೂರೂ ಉತ್ತಮ ಕೃತಿಗಳೆಂದು ವಾದಿಸುವುದು ನರಸಿಂಹಯ್ಯನವರಿಗೇ ಅಪಹಾಸ್ಯ ಮಾಡಿದಂತೆ. ಆದರೆ ಈ ದೋಷಗಳಲ್ಲಿ ಬಹುಭಾಗ ಪ್ರತಿಭೆಯ ದೋಷವಲ್ಲ, ಕೂಲಿಯ ದೋಷ. ಒಂದು ಪುಸ್ತಕದ ಸಂಪಾದನೆ ಆರು ತಿಂಗಳ ಸಂಸಾರಕ್ಕೆ ಸಾಲುವಂತಿದ್ದರೆ ಅವರು ವರ್ಷಕ್ಕೆ ಎರಡೇ ಬರೆಯುತ್ತಿದ್ದರೇನೋ. ಒಂದೊಂದೂ ಅಟ್ಟದ ಮೇಲೆ ಹದವಾಗಿ ಒಣಗುತ್ತಿತ್ತೇನೋ. ಆ ಕಾಲಾವಕಾಶವನ್ನು ಕೊಡದ ಸಮಾಜವೇ ಅವಸರವನ್ನು ಆಡಿಕೊಳ್ಳುವುದು ನ್ಯಾಯವಲ್ಲ.

ಇನ್ನೊಂದು ಆಕ್ಷೇಪ ನನ್ನ ವೃತ್ತಿಬಾಂಧವರದು: ಇವು ಹುಡುಗರನ್ನು ಕೆಡಿಸುತ್ತವೆ. ಪಠ್ಯಪುಸ್ತಕದ ಮರೆಯಲ್ಲಿ ಪತ್ತೇದಾರಿ ಪುಸ್ತಕ ಓದುತ್ತಿದ್ದ ಹುಡುಗನ ಕೈಯಿಂದ ಅದನ್ನು ಕಿತ್ತು, ತರಗತಿಯೆದುರು ಹರಿದು ಹಾಕಿದ ಉಪಾಧ್ಯಾಯರನ್ನು ಕಂಡಿದ್ದೇನೆ. ಆ ಹುಡುಗ ಮತ್ತೆ ಪತ್ತೇದಾರಿ ಪುಸ್ತಕ ಓದಿದನೋ ಇಲ್ಲವೋ. ಪುಸ್ತಕವೆಂಬುದು ಹರಿಯಬಹುದಾದ ವಸ್ತುವೆಂಬ ಪಾಠವನ್ನಂತೂ ಕಲಿತ. ಈ ಕಥೆಗಳ ನೀತಿಯಾದರೂ ಏನು? ಕೊನೆಯಲ್ಲಿ ಅಪರಾಧಿ ಸಿಕ್ಕಿಬೀಳುತ್ತಾನೆ. ಸಾಕ್ಷ್ಯವಿಲ್ಲದೆ ಯಾರನ್ನೂ ತಪ್ಪಿತಸ್ಥನೆನ್ನಬಾರದು. ಮೇಲ್ನೋಟಕ್ಕೆ ಕಳ್ಳನಂತಿರುವವನು ಕಳ್ಳನಾಗಿರಲಾರ, ಸಾಧುವಿನಂತಿರುವವನು ಸಾಧುವಾಗಿರಲಾರ. ಈ ವಿವೇಕವನ್ನು ಎಳೆಯರು ಕಲಿತರೆ ಕೆಡುವುದು ಯಾರ ಗಂಟು?

ರಸದೃಷ್ಟಿಯಿಂದ ನೋಡುವವರಿಗೂ ಒಂದು ಮಾತು. ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಕನ್ನಡಕ್ಕೆ ಕೊಟ್ಟ ತೀ. ನಂ. ಶ್ರೀಕಂಠಯ್ಯನವರು ನಮ್ಮ ಸೀಮೆಯವರೇ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಆ ಮಹಾಗ್ರಂಥ ಬಂದದ್ದು ೧೯೫೩ರಲ್ಲಿ; ಪುರುಷೋತ್ತಮ ಬಂದ ಮರುವರ್ಷ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಕೆಲವರಿಗೆ ಅಪಚಾರವೆನಿಸಬಹುದು. ಆದರೆ ನಮ್ಮ ಆಲಂಕಾರಿಕರು ರಸಗಳನ್ನು ಎಣಿಸುವಾಗ ಭಯಾನಕವನ್ನೂ ಅದ್ಭುತವನ್ನೂ ಬಿಡಲಿಲ್ಲ. ಭಯದಿಂದ ಹೊರಟು ವಿಸ್ಮಯಕ್ಕೆ ಮುಟ್ಟುವುದು ಪತ್ತೇದಾರಿ ಕಥೆಯ ದಾರಿ. ಅದು ಕಿರಿದಾದ ದಾರಿಯಿರಬಹುದು, ಶಾಂತರಸದ ಹೆದ್ದಾರಿಯಲ್ಲದಿರಬಹುದು. ದಾರಿಯೇ ಅಲ್ಲವೆನ್ನಲು ಶಾಸ್ತ್ರದ ಬೆಂಬಲವಿಲ್ಲ.

ಪತ್ತೇದಾರಿ ಬರೆದವರು ಬೇರೇನನ್ನೂ ಮಾಡಲಾರದವರೆಂಬ ಭಾವನೆಯೂ ಸಲ್ಲದು. ಮ. ರಾಮಮೂರ್ತಿಯವರ ಹೆಸರನ್ನು ಇಲ್ಲಿ ನೆನೆಯಬೇಕು. ವೀರಕೇಸರಿ ಸೀತಾರಾಮ ಶಾಸ್ತ್ರಿಗಳ ಮಗನಾಗಿ ೧೯೧೮ರಲ್ಲಿ ಹುಟ್ಟಿದ ಇವರು ನೂರಕ್ಕೂ ಮಿಕ್ಕಿ ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಕನ್ನಡದ ಹಕ್ಕಿಗಾಗಿ ಬೀದಿಗಿಳಿದು ಹೋರಾಡಿದರು, ಕನ್ನಡ ಪಕ್ಷವನ್ನು ಕಟ್ಟಿದರು. ೧೯೬೭ರಲ್ಲಿ, ಐವತ್ತು ತುಂಬುವ ಮೊದಲೇ, ತಮ್ಮ ಜಮೀನಿನ ಬಾವಿಯಲ್ಲಿ ಮಣ್ಣು ಕುಸಿದು ಇಬ್ಬರು ಗಂಡುಮಕ್ಕಳೊಡನೆ ತೀರಿಕೊಂಡರು. ನವೆಂಬರ್ ಒಂದರಂದು ನೊಣವಿನಕೆರೆಯಿಂದ ಹಿಡಿದು ನಾಡಿನ ಪ್ರತಿಯೊಂದು ಊರಿನಲ್ಲಿಯೂ ಏರುವ ಹಳದಿ ಕೆಂಪು ಬಾವುಟವನ್ನು ರೂಪಿಸಿದವರು ಇವರೇ. ಬಾವುಟಕ್ಕೆ ವಂದಿಸುವ ನಾವು, ಅದನ್ನು ರೂಪಿಸಿದ ಕೈ ಪತ್ತೇದಾರಿ ಕಾದಂಬರಿಗಳನ್ನು ಬರೆದು ಹೊಟ್ಟೆ ಹೊರೆದ ಕೈಯೆಂಬುದನ್ನು ಮಕ್ಕಳಿಗೆ ಹೇಳುವುದಿಲ್ಲ. ಹಾಗೆಯೇ, ೧೯೭೨ರಲ್ಲಿ ಚಲನಚಿತ್ರವಾಗಿ ಜನರನ್ನು ಮರಳಿ ಮಣ್ಣಿನ ಕಡೆಗೆ ನೋಡುವಂತೆ ಮಾಡಿದ ‘ಬಂಗಾರದ ಮನುಷ್ಯ’ದ ಮೂಲ ಕಾದಂಬರಿಯನ್ನು ಬರೆದ ಟಿ. ಕೆ. ರಾಮರಾಯರು ರಹಸ್ಯ ಕಾದಂಬರಿಗಳಿಗೂ ಹೆಸರಾದವರು. ಓದುಗನ ಮನಸ್ಸನ್ನು ಹಿಡಿದಿಡುವ ವಿದ್ಯೆ ಒಂದೇ. ಅದನ್ನು ಎಲ್ಲಿ ಹೂಡಿದರೂ ಬೆಳೆ ಬರುತ್ತದೆ.

ಹಾಗಾದರೆ ಈಗ ಆಗಬೇಕಾದ್ದೇನು? ಪ್ರಶಸ್ತಿಯ ಮಾತನ್ನು ನಾನು ಎತ್ತುತ್ತಿಲ್ಲ. ಸತ್ತವರ ಭಾವಚಿತ್ರಕ್ಕೆ ಹಾರ ಹಾಕುವುದು ನಮಗೆ ಚೆನ್ನಾಗಿ ಅಭ್ಯಾಸವಾಗಿರುವ ಕೆಲಸ. ಅದರಲ್ಲಿ ಖರ್ಚು ಕಡಿಮೆ. ನಾನು ಕೇಳುವುದು ಲೆಕ್ಕ. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಬರೆದರೆಂದು ಎಲ್ಲರೂ ಹೇಳುತ್ತೇವೆ. ಆ ‘ಹೆಚ್ಚು’ ಎಂಬ ಪದವೇ ನಮ್ಮ ಅಸಡ್ಡೆಗೆ ಸಾಕ್ಷಿ. ಹತ್ತನೆಯ ಶತಮಾನದ ಕವಿಯ ಒಂದು ಓಲೆ ಸಿಕ್ಕರೆ ಪಾಠಾಂತರಗಳನ್ನು ಎಣಿಸುವ ನಾವು, ಮೊನ್ನೆ ಮೊನ್ನೆ ನಮ್ಮೆದುರಿಗೆ ಬದುಕಿದ್ದವರ ಪುಸ್ತಕಗಳ ಹೆಸರು, ವರ್ಷ, ಪ್ರಕಾಶಕ, ಆವೃತ್ತಿ ಇವುಗಳ ಪಟ್ಟಿಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಗೆಟುಕುವಂತೆ ಇಟ್ಟಿಲ್ಲ. ೧೯೫೪ರ ಶಾಸನದ ಪ್ರಕಾರ ನಾಡಿನಲ್ಲಿ ಅಚ್ಚಾದ ಪ್ರತಿಯೊಂದು ಪುಸ್ತಕದ ಪ್ರತಿಯನ್ನೂ ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಬೇರೆ ಕೆಲವು ಗ್ರಂಥಾಲಯಗಳಿಗೂ ಪ್ರಕಾಶಕರು ಕಳುಹಿಸಬೇಕು. ಬಸ್ಸುನಿಲ್ದಾಣದ ಪುಸ್ತಕಗಳಲ್ಲಿ ಎಷ್ಟು ಅಲ್ಲಿಗೆ ತಲುಪಿದವೆಂದು ಯಾರಾದರೂ ಹೋಗಿ ಎಣಿಸಬೇಕು. ಒರಟು ಕಾಗದಕ್ಕೆ ಆಯುಸ್ಸು ಕಡಿಮೆ. ಗೆದ್ದಲಿಗೆ ಪತ್ತೇದಾರಿಯೂ ಒಂದೇ, ಪಂಪಭಾರತವೂ ಒಂದೇ.

ಈ ಕೆಲಸಕ್ಕೆ ದೊಡ್ಡ ವಿದ್ವಾಂಸರೇ ಬೇಕಾಗಿಲ್ಲ. ನಮ್ಮ ಮೂರು ತಾಲ್ಲೂಕುಗಳ ಕಾಲೇಜುಗಳಲ್ಲಿ ಕನ್ನಡ ಓದುತ್ತಿರುವ ವಿದ್ಯಾರ್ಥಿಗಳು ಒಂದು ಬೇಸಿಗೆಯ ರಜೆಯಲ್ಲಿ ತಮ್ಮ ತಮ್ಮ ಊರುಗಳ ಅಟ್ಟಗಳನ್ನು ಹತ್ತಿ ನೋಡಲಿ. ಹಳೆಯ ಟ್ರಂಕುಗಳಲ್ಲಿ, ಮುಚ್ಚಿಹೋದ ಬಾಡಿಗೆ ಪುಸ್ತಕದಂಗಡಿಗಳ ಮೂಲೆಗಳಲ್ಲಿ ಏನೇನು ಉಳಿದಿದೆಯೆಂದು ಬರೆದುಕೊಳ್ಳಲಿ. ಹೊದಿಕೆ ಹರಿದಿದ್ದರೂ ಸರಿ, ಕೊನೆಯ ಹಾಳೆ ಇಲ್ಲದಿದ್ದರೂ ಸರಿ. ಓದಿದ ಹಿರಿಯರು ಇನ್ನೂ ಇದ್ದಾರೆ. ಎಲ್ಲಿ ಕೊಂಡರು, ಎಷ್ಟಕ್ಕೆ ಕೊಂಡರು, ಯಾರೊಡನೆ ಕೂತು ಓದಿದರು ಎಂದು ಅವರನ್ನು ಕೇಳಲಿ. ಹೀಗೆ ದೊರೆತ ಸಾಮಗ್ರಿ ಒಂದು ಒಳ್ಳೆಯ ಪ್ರಬಂಧಕ್ಕೆ ಸಾಲದೆ? ಕನ್ನಡದ ಓದಿನ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಇದರಿಂದ ಆಗುವ ಉಪಕಾರ ಸಾಮಾನ್ಯವಾದುದಲ್ಲ.

ಹಕ್ಕಿನ ವಿಷಯವನ್ನೂ ಮರೆಯಬಾರದು. ಕೃತಿಸ್ವಾಮ್ಯವು ಲೇಖಕನು ತೀರಿಕೊಂಡ ಬಳಿಕ ಅರವತ್ತು ವರ್ಷ ನಡೆಯುತ್ತದೆ. ರಾಮಮೂರ್ತಿಯವರ ಪುಸ್ತಕಗಳಿಗೆ ಅದು ೨೦೨೭ರ ಕೊನೆಯವರೆಗೆ, ನರಸಿಂಹಯ್ಯನವರ ಪುಸ್ತಕಗಳಿಗೆ ೨೦೭೧ರ ಕೊನೆಯವರೆಗೆ. ಆಮೇಲೆ ಯಾರು ಬೇಕಾದರೂ ಅಚ್ಚು ಹಾಕಬಹುದು. ಅಚ್ಚು ಹಾಕಲು ಪ್ರತಿ ಉಳಿದಿದ್ದರೆ ಮಾತ್ರ! ಅದಕ್ಕೆ ಮೊದಲು ಯಾರಾದರೂ ಆಯ್ದು ಮತ್ತೆ ಪ್ರಕಟಿಸುವುದಾದರೆ, ಹಕ್ಕು ಯಾರಲ್ಲಿದೆಯೆಂದು ವಿಚಾರಿ‌ಸಿ, ಸಲ್ಲಬೇಕಾದವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ ಪ್ರಕಟಿಸಲಿ. ಒಂದು ಸಲ ಕೂಲಿ ತಪ್ಪಿದ್ದು ಸಾಕು.

ನಮ್ಮ ಮಾರುಕಟ್ಟೆಯಲ್ಲಿ ಕೊಬ್ಬರಿಗೆ ಬೆಲೆ ಕಟ್ಟುವಾಗ ಅದು ಯಾವ ತೋಟದ್ದು, ಒಡೆಯ ಎಷ್ಟು ಓದಿದವನು ಎಂದು ಯಾರೂ ಕೇಳುವುದಿಲ್ಲ. ಕೈಯಲ್ಲಿ ಹಿಡಿದು, ತೂಕ ನೋಡಿ, ಒಣಗಿದೆಯೇ ಇಲ್ಲವೇ ಎಂದು ಪರೀಕ್ಷಿಸುತ್ತಾರೆ. ಕೆಟ್ಟದ್ದನ್ನು ತೆಗೆದು ಹಾಕುತ್ತಾರೆ, ಒಳ್ಳೆಯದನ್ನು ತೂಗುತ್ತಾರೆ, ಚೀಟಿ ಬರೆಯುತ್ತಾರೆ. ಪತ್ತೇದಾರಿ ಕಾದಂಬರಿಕಾರರಿಗೆ ಇಷ್ಟಾದರೂ ಆಗಬೇಕೆಂಬುದು ನನ್ನ ಬೇಡಿಕೆ. ಮೊದಲು ತೂಗೋಣ, ಬೆಲೆಯ ವಾದ ಆಮೇಲೆ ಬರಲಿ. ತಕ್ಕಡಿಯ ಹತ್ತಿರಕ್ಕೇ ಬಿಟ್ಟುಕೊಳ್ಳದೆ ಹಗುರವೆಂದು ತೀರ್ಪು ಹೇಳುವುದು ವಿಮರ್ಶೆಯಲ್ಲ.